ಬಿಸಿನೆಸ್ ಕ್ಲಾಸ್ ಊಟ: ಬೆಂಗಳೂರಿನಿಂದ ಶಿಕಾಗೊ, ಅಲ್ಲಿಂದ ಮರಳಿ ಬೆಂಗಳೂರು

ಬೆಂಗಳೂರಿನಿಂದ ಹೊರಟ ವಿಮಾನದಲ್ಲಿ ನಡುರಾತ್ರಿ ದಾಟಿದ ಮೇಲೆ ಬಡಿಸಿದ ಬಿಸಿಬೇಳೆ ಭಾತನ್ನು ನಾನು ಕೊನೆಯ ತುತ್ತಿನವರೆಗೂ ಉಂಡೆ. ಅದೇ ಸಂಸ್ಥೆಯ ಇನ್ನೊಂದು ವಿಮಾನದಲ್ಲಿ, ಅದೇ ದಿನ ಮಧ್ಯಾಹ್ನ, ಯುರೋಪಿನ ನಗರವೊಂದರಿಂದ ಶಿಕಾಗೊಗೆ ಹೋಗುವಾಗ ಕೊಟ್ಟ ಕಡಲೆಕಾಳಿನ ಪಲ್ಯವನ್ನು ಎರಡು ಚಮಚ ತಿಂದು ಬದಿಗೆ ಸರಿಸಿದೆ. ಟಿಕೆಟ್ ಒಂದೇ, ದರ್ಜೆ ಒಂದೇ, ಬಿಳಿಯ ಮೇಜುವಸ್ತ್ರವೂ ಒಂದೇ. ಬೇರೆಯಾಗಿದ್ದದ್ದು ಅಡುಗೆ ಮಾಡಿದ ಊರು. ವಿಮಾನದ ಊಟವನ್ನು ಸಾಮಾನ್ಯವಾಗಿ ವಿಮಾನ ಸಂಸ್ಥೆಯೇ ಅಡುಗೆ ಮಾಡುವುದಿಲ್ಲ, ಹೊರಡುವ ಊರಿನ ನಿಲ್ದಾಣದ ಪಕ್ಕದಲ್ಲಿರುವ ಕೇಟರಿಂಗ್ ಅಡುಗೆಮನೆ ಮಾಡುತ್ತದೆ ಎಂಬುದು ನನಗೆ ಮೊದಲೇ ತಿಳಿದಿತ್ತು. ಆದರೆ ಆ ಮಾತಿನ ಪೂರ್ಣ ಅರ್ಥ ತಿಳಿದದ್ದು ಈ ಪ್ರಯಾಣದಲ್ಲಿ. ನಾನು ಹಾರಿದ ಸಂಸ್ಥೆಗಳ ಹೆಸರನ್ನು ಇಲ್ಲಿ ಬರೆಯದಿರುವುದೂ ಅದೇ ಕಾರಣಕ್ಕೆ: ಒಂದೇ ಹೆಸರಿನಡಿ ಒಂದೇ ದಿನ ಅಷ್ಟು ಒಳ್ಳೆಯ ಊಟವೂ ಅಷ್ಟು ಕೆಟ್ಟ ಊಟವೂ ಬಂದಿರುವಾಗ ಹೆಸರಿನಿಂದ ಓದುಗರಿಗೆ ಪ್ರಯೋಜನವಾಗಲಾರದು.

ನಮ್ಮದು ಹುಬ್ಬಳ್ಳಿ. ವ್ಯಾಪಾರ ಬ್ಯಾಡಗಿ ಮೆಣಸಿನಕಾಯಿಯದು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಗುಣದಿಂದ ಈ ಕಾಯಿಯಿಂದ ತೆಗೆಯುವ ಓಲಿಯೊರೆಸಿನ್ ಎಂಬ ಎಣ್ಣೆಯಂಥ ಗಟ್ಟಿ ಸಾರಕ್ಕೆ ಆಹಾರೋದ್ಯಮದಲ್ಲಿ ಬೇಡಿಕೆಯಿದ್ದು, ಆ ಸಂಬಂಧ ವರ್ಷಕ್ಕೆ ಎರಡು ಸಲ ಹೊರದೇಶಕ್ಕೆ ಹೋಗುವುದು ನನಗೆ ರೂಢಿಯಾಗಿದೆ. ಇಳಿದ ದಿನವೇ ಮಾತುಕತೆಗೆ ಕೂರಬೇಕಾದ್ದರಿಂದ, ಬೆನ್ನು ಚಾಚಿ ಮಲಗಲು ಜಾಗ ಸಿಗುವ ದರ್ಜೆಗೆ ಮೂರು-ನಾಲ್ಕು ಪಟ್ಟು ಹಣ ಕೊಡುತ್ತೇನೆ. ಆ ಹಣದ ಬಹುಪಾಲು ಹಾಸಿಗೆಗೆ ಸಲ್ಲುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೂ ಹತ್ತು, ಹದಿಮೂರು ಗಂಟೆಗಳ ಪ್ರಯಾಣದಲ್ಲಿ ಎರಡು ಊಟಗಳು ಕೆಟ್ಟರೆ ಮಲಗಿದ ಸುಖವೂ ಉಳಿಯುವುದಿಲ್ಲ. ಈ ಸಲ ನಮ್ಮ ಮನೆಯವರೂ ಜೊತೆಗಿದ್ದರು. ಅವರ ನಾಲಿಗೆ ನನ್ನದಕ್ಕಿಂತ ಚುರುಕು. ನಾವಿಬ್ಬರೂ ಶಾಕಾಹಾರಿಗಳಾದ್ದರಿಂದ ಮಾಂಸದ ಅಡುಗೆಯ ಬಗ್ಗೆ ಇಲ್ಲಿ ಏನನ್ನೂ ಹೇಳಲಾರೆ.

ಮೊದಲ ಊಟದಿಂದಲೇ ಆರಂಭಿಸುತ್ತೇನೆ. ತಿನಿಸುಗಳು ಒಂದೊಂದಾಗಿ ಬಂದವು. ಮೊದಲು ದಾಳಿಂಬೆ ಬೆರೆಸಿದ ಹೆಸರುಬೇಳೆ ಕೋಸಂಬರಿ, ಆಮೇಲೆ ಪಿಂಗಾಣಿ ಬಟ್ಟಲಿನಲ್ಲಿ ಬಿಸಿಬೇಳೆ ಭಾತ್, ಪಕ್ಕದಲ್ಲಿ ಬೀನ್ಸ್ ಪಲ್ಯ, ಗಟ್ಟಿ ಮೊಸರು, ಮಾವಿನ ಉಪ್ಪಿನಕಾಯಿ, ಮುಚ್ಚಿದ ಪುಟ್ಟ ಪೊಟ್ಟಣದಲ್ಲಿ ಬೂಂದಿ. ಬೂಂದಿಯನ್ನು ಮೊದಲೇ ಭಾತಿನ ಮೇಲೆ ಉದುರಿಸದೆ ಬೇರೆಯಾಗಿ ಕೊಟ್ಟದ್ದರಲ್ಲೇ ಆ ಅಡುಗೆಮನೆಯ ತಿಳಿವಳಿಕೆ ಕಂಡಿತು. ಅದು ಹಲ್ಲಿಗೆ ಸಿಕ್ಕು ಕರುಂ ಎಂದಿತು. ಭಾತಿನಲ್ಲಿ ಹುಣಸೆಹುಳಿ ಮುಂದಾಗಿತ್ತು, ಚಕ್ಕೆ ಮತ್ತು ಮರಾಠಿ ಮೊಗ್ಗಿನ ವಾಸನೆ ಧಾರಾಳವಾಗಿತ್ತು, ಬೇಳೆ ಅನ್ನದೊಳಗೆ ಕರಗಿ ಒಂದಾಗಿತ್ತು. ನೆಲದ ಮೇಲೆ ಯಾರಾದರೂ ಇದನ್ನೇ ಬಡಿಸಿದ್ದರೆ ಹುಳಿ ಒಂದು ಕೈ ಹೆಚ್ಚಾಯಿತು ಎನ್ನುತ್ತಿದ್ದೆ. ಆಕಾಶದಲ್ಲಿ ಅದು ಸರಿಯಾದ ಅಳತೆಯಾಗಿತ್ತು.

ಇದಕ್ಕೆ ಕಾರಣವಿದೆ. ವಿಮಾನ ಎಷ್ಟೇ ಎತ್ತರದಲ್ಲಿ ಹಾರಿದರೂ ಒಳಗಿನ ಗಾಳಿಯ ಒತ್ತಡವನ್ನು ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಹೊಂದಿಸಿರುತ್ತಾರೆ. ನಮ್ಮ ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 6,300 ಅಡಿಯಷ್ಟಿದೆ. ಅಂದರೆ ನಾವು ಅದರ ತುದಿಯಲ್ಲಿ ಅಥವಾ ಅದಕ್ಕಿಂತ ಮೇಲೆ ಕುಳಿತು ಉಣ್ಣುತ್ತಿರುತ್ತೇವೆ. ಅದರ ಮೇಲೆ ಕ್ಯಾಬಿನ್ನಿನ ಗಾಳಿಯ ತೇವಾಂಶ ಶೇಕಡಾ 20ಕ್ಕಿಂತಲೂ ಕೆಳಗಿಳಿದು ಮೂಗು ಒಣಗುತ್ತದೆ. ರುಚಿಯೆಂದು ನಾವು ಕರೆಯುವುದರಲ್ಲಿ ಬಹುಭಾಗ ವಾಸನೆಯೇ ಆಗಿರುವುದರಿಂದ, ಮೂಗು ಒಣಗಿದ ಕೂಡಲೇ ಅಡುಗೆ ಸಪ್ಪೆಯಾಗುತ್ತದೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಲುಫ್ತಾನ್ಸಾಕ್ಕಾಗಿ ನಡೆಸಿದ ಪ್ರಯೋಗದಲ್ಲಿ, ವಿಮಾನದೊಳಗಿನಂಥ ಸ್ಥಿತಿಯಲ್ಲಿ ಉಪ್ಪಿನ ಅರಿವು ಶೇಕಡಾ 20ರಿಂದ 30ರಷ್ಟು, ಸಿಹಿಯ ಅರಿವು ಶೇಕಡಾ 15ರಿಂದ 20ರಷ್ಟು ಕುಗ್ಗುತ್ತದೆಂದು ಕಂಡುಬಂತು. ಹುಳಿ, ಕಹಿ, ಖಾರಗಳು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ. ಹುಣಸೆಹುಳಿ ಮತ್ತು ಮಸಾಲೆಯ ಮೇಲೆ ನಿಂತಿರುವ ನಮ್ಮ ಅಡುಗೆಗೆ ಇದು ದೊಡ್ಡ ಅನುಕೂಲ. ಬೆಣ್ಣೆ, ಉಪ್ಪು, ಒಂದು ಎಲೆ ಪಾರ್ಸ್ಲಿ ಎಂಬಷ್ಟರಲ್ಲೇ ಮುಗಿಯುವ ಅಡುಗೆ ಅಲ್ಲಿ ಸೋಲುತ್ತದೆ, ಬಿಸಿಬೇಳೆ ಭಾತ್ ಸೋಲುವುದಿಲ್ಲ.

ಎರಡನೆಯ ಕಾರಣ ಅಡುಗೆ ನಡೆಯುವ ಕ್ರಮ. ನೆಲದ ಅಡುಗೆಮನೆಯಲ್ಲಿ ಬೇಯಿಸಿದ ಪದಾರ್ಥವನ್ನು ತ್ವರಿತವಾಗಿ 5 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ತಣಿಸಿ, ತಣ್ಣಗಿರುವಾಗಲೇ ಬಟ್ಟಲುಗಳಿಗೆ ತುಂಬಿ, ಶೀತಲ ವಾಹನದಲ್ಲಿ ವಿಮಾನಕ್ಕೆ ಏರಿಸುತ್ತಾರೆ. ಹಲವು ಗಂಟೆಗಳ ನಂತರ ಗ್ಯಾಲಿ ಎಂಬ ವಿಮಾನದೊಳಗಿನ ಪುಟ್ಟ ಅಡುಗೆಕೋಣೆಯ ಓವನ್ನಿನಲ್ಲಿ ಮತ್ತೆ ಬಿಸಿ ಮಾಡುತ್ತಾರೆ. ಬೆಂಕಿಯ ಒಲೆ ಅಲ್ಲಿಲ್ಲ, ಒಗ್ಗರಣೆ ಹಾಕುವಂತಿಲ್ಲ, ಕರಿಯುವಂತಿಲ್ಲ. ಆದ್ದರಿಂದ ಬಿಸಿನೆಸ್ ಕ್ಲಾಸಿನ ಮೆನುವನ್ನು ಓದುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಪದಾರ್ಥ ನಮ್ಮ ಮನೆಯಲ್ಲಿ ಮರುದಿನ ಬಿಸಿ ಮಾಡಿದರೆ ಹೇಗಿರುತ್ತಿತ್ತು? ಹೋಳಿಗೆಯ ಮರುದಿನದ ಕಟ್ಟಿನ ಸಾರು ಮೊದಲ ದಿನಕ್ಕಿಂತ ರುಚಿಯೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಶೇಂಗಾ, ಗುರೆಳ್ಳು ತುಂಬಿದ ಬದನೆಕಾಯಿ ಎಣ್ಣೆಗಾಯಿ ರಾತ್ರಿಯಿಡೀ ಇದ್ದರೆ ಮಸಾಲೆ ಒಳಗಿಳಿದು ಇನ್ನೂ ಹದವಾಗುತ್ತದೆ. ಅದೇ ಮಿರ್ಚಿ ಭಜಿಯನ್ನು ಮರುದಿನ ಯಾರೂ ಮುಟ್ಟುವುದಿಲ್ಲ.

ಬೆಂಗಳೂರಿನಿಂದ ಹೊರಟಾಗಿನ ಆ ಮೊದಲ ಊಟದೊಡನೆ ಬಂದ ಪರೋಟ ಮುಟ್ಟುವಂತಿರಲಿಲ್ಲ, ಬೆಳಗಿನ ಉಪಾಹಾರದ ವಡೆಯೂ ಅಷ್ಟೆ. ಪರೋಟವನ್ನು ಹರಿಯಲು ಎರಡೂ ಕೈ ಬೇಕಾಯಿತು. ಬೆಂದ ಹಿಟ್ಟಿನ ಪಿಷ್ಟ ಫ್ರಿಜ್ಜಿನ ತಂಪಿನಲ್ಲಿ ಬೇಗ ಗಟ್ಟಿಯಾಗುತ್ತದೆ. ಓವನ್ನಿನ ಒಣ ಶಾಖ ಅದರಲ್ಲಿ ಉಳಿದಿದ್ದ ನೀರನ್ನೂ ಹೀರುತ್ತದೆ. ಉದುರುದುರಾದ ಬಿಳಿ ಅನ್ನಕ್ಕೂ ಇದೇ ಗತಿ, ಬೇಳೆಯ ತೇವದೊಳಗೆ ಮುಳುಗಿರುವ ಭಾತಿಗೆ ಈ ಭಯವಿಲ್ಲ. ಉಪಾಹಾರದ ಇಡ್ಲಿಯಂತೂ ಚೆನ್ನಾಗಿಯೇ ಇತ್ತು. ಅದು ಹುಟ್ಟಿದ್ದೇ ಹಬೆಯಲ್ಲಿ, ಮುಚ್ಚಿಟ್ಟು ತೇವದಲ್ಲಿ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ. ಅನ್ನದ ಸಮಸ್ಯೆಯನ್ನು ಗಂಭೀರವಾಗಿ ತೆಗೆದುಕೊಂಡ ಸಂಸ್ಥೆಗಳೂ ಇವೆ. ಹಾಂಗ್‌ಕಾಂಗ್‌ನ ಕ್ಯಾಥೆ ಪೆಸಿಫಿಕ್ ವಿಮಾನದೊಳಗೇ ಅನ್ನದ ಕುಕ್ಕರ್ ಇಟ್ಟು ಹೆಸರಾಗಿದೆ. ನಮ್ಮ ದೇಶದಿಂದ ಹಾರುವ ಎಲ್ಲ ದೂರದ ವಿಮಾನಗಳಲ್ಲೂ ಅಂಥದೊಂದು ಇರಬೇಕಾಗಿತ್ತು ಎಂದು ನನಗನಿಸುತ್ತದೆ.

ಎರಡನೆಯ ವಿಮಾನದ ಊಟದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಟಿಕೆಟ್ ಕಾಯ್ದಿರಿಸುವಾಗ ಎರಡೂ ಭಾಗಗಳಿಗೆ ಏಷ್ಯಾದ ಶಾಕಾಹಾರಿ ಊಟವನ್ನು ಕೇಳಿದ್ದೆ. ಅಕ್ಕಪಕ್ಕದವರಿಗೆ ಮೊದಲು ಸೂಪು, ಆಮೇಲೆ ಸಲಾಡು, ಆಮೇಲೆ ಮುಖ್ಯ ಊಟ, ಕೊನೆಗೆ ಚೀಸ್ ಮತ್ತು ಚಾಕೊಲೇಟ್ ಕೇಕ್ ಎಂದು ಒಂದೊಂದಾಗಿ ಬಡಿಸುತ್ತಿದ್ದರೆ, ನಮ್ಮಿಬ್ಬರಿಗೆ ಎಲ್ಲವೂ ಒಂದೇ ಟ್ರೇಯಲ್ಲಿ ಒಟ್ಟಿಗೆ ಬಂತು. ಮುಖ್ಯ ಊಟ ಅಲ್ಯುಮಿನಿಯಂ ಹಾಳೆ ಮುಚ್ಚಿದ ಡಬ್ಬಿಯಲ್ಲೇ ಇತ್ತು. ಹಿಂದೆ ಎಕಾನಮಿ ದರ್ಜೆಯಲ್ಲಿ ಹೋಗುತ್ತಿದ್ದಾಗ ನಾನು ಹಲವು ಸಲ ಕಂಡ ಡಬ್ಬಿ ಅದು. ಒಳಗೆ ಕಡಲೆಕಾಳಿನ ಪಲ್ಯ, ತೊಗರಿಬೇಳೆಯ ದಾಲ್, ಒಣಗಿದ ಬಾಸ್ಮತಿ ಅನ್ನ. ಪಲ್ಯದಲ್ಲಿ ಅರಿಸಿನದ ಬಣ್ಣವಿತ್ತು, ಉಪ್ಪಿರಲಿಲ್ಲ, ಹುಳಿಯ ಸುಳಿವೂ ಇರಲಿಲ್ಲ. ಮನೆಯವರು ದಾಲ್ ಅನ್ನು ಚಮಚದಿಂದ ಕಲಕಿ, "ಬ್ಯಾಳಿ ಒಂದ ಕಡೆ, ನೀರ ಒಂದ ಕಡೆ ಆಗೇತ್ರಿ, ಕೂಡಿಸಿ ಕುದಿಸೇ ಇಲ್ಲ ಕಾಣ್ತೈತಿ" ಎಂದರು. ಅದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಬರೆಯಲಾರೆ. ಸಿಹಿಯ ಹೆಸರಿನಲ್ಲಿ ಬಂದದ್ದು ಕೊಯ್ದಿಟ್ಟ ಕಲ್ಲಂಗಡಿಯ ನಾಲ್ಕು ತುಂಡು.

ಶಾಕಾಹಾರಿ ಎಂದು ಮೊದಲೇ ತಿಳಿಸಿದವನಿಗೆ ಚೀಸ್ ಏಕಿಲ್ಲ, ಕೇಕ್ ಏಕಿಲ್ಲ, ಒಂದೊಂದಾಗಿ ಬಡಿಸುವ ಮರ್ಯಾದೆ ಏಕಿಲ್ಲ ಎಂಬ ಪ್ರಶ್ನೆಗಳನ್ನು ನಾನು ಅಲ್ಲಿದ್ದ ಸಿಬ್ಬಂದಿಯ ಮುಂದೆ ಶಾಂತವಾಗಿಯೇ ಇಟ್ಟೆ. ಆ ಹೆಣ್ಣುಮಗಳು ಕ್ಷಮೆ ಕೇಳಿದರು. ವಿಶೇಷ ಊಟಗಳು ಅಡುಗೆಮನೆಯಿಂದಲೇ ಹಾಗೆ ಜೋಡಿಸಿ ಬರುತ್ತವೆ ಎಂದು ವಿವರಿಸಿದರು. ಬಳಿಕ ತಾವಾಗಿಯೇ ಎರಡು ಬಟ್ಟಲು ಟೊಮೆಟೊ ಸೂಪು ತಂದುಕೊಟ್ಟರು, ಮಾಂಸದ ಸಾರು ಬೆರೆತಿಲ್ಲವೆಂದು ಮೆನು ಹಾಳೆಯನ್ನು ತೋರಿಸಿ ಖಚಿತಪಡಿಸಿದರು. ಅವರ ಸೇವೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆ ಸೂಪು ಇಡೀ ವಿಮಾನದಲ್ಲಿ ನಾವು ಸವಿದ ಅತ್ಯುತ್ತಮ ಪದಾರ್ಥವಾಗಿತ್ತು. ಟೊಮೆಟೊ, ಅಣಬೆ, ಹಳೆಯ ಚೀಸ್ ಇವುಗಳಲ್ಲಿರುವ, ಜಪಾನೀಯರು ಉಮಾಮಿ ಎಂದು ಕರೆಯುವ ತುಂಬು ರುಚಿ ವಿಮಾನದಲ್ಲಿ ಕುಗ್ಗುವುದಿಲ್ಲ. ವಿಮಾನದೊಳಗಿನ ಸುಮಾರು 85 ಡೆಸಿಬೆಲ್ ಸದ್ದಿನಲ್ಲಿ ಸಿಹಿ ಮಂಕಾಗಿ ಉಮಾಮಿ ಇನ್ನಷ್ಟು ಎದ್ದು ಕಾಣುತ್ತದೆ ಎಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ್ದರು. ನನ್ನ ಪಕ್ಕದ ಸೀಟಿನವರು ಸಾಮಾನ್ಯ ಮೆನುವಿನಿಂದ ಅಣಬೆ ಮತ್ತು ಟೊಮೆಟೊ ಹಾಕಿದ ಪಾಸ್ತಾ ಆಯ್ದುಕೊಂಡಿದ್ದರು. ಅದೂ ಶಾಕಾಹಾರವೇ. ಅದರ ಮೇಲೆ ಚೀಸ್ ಕರಗಿ ಹೊಂಬಣ್ಣಕ್ಕೆ ತಿರುಗಿತ್ತು, ವಾಸನೆ ನಮ್ಮ ಸೀಟಿನವರೆಗೂ ಬರುತ್ತಿತ್ತು. ಯುರೋಪಿನ ಆ ಅಡುಗೆಮನೆಗೆ ಪಾಸ್ತಾ ಬರುತ್ತದೆ, ದಾಲ್ ಬರುವುದಿಲ್ಲ. ಅದಕ್ಕೆ ಬಾರದ್ದನ್ನು ಒತ್ತಾಯದಿಂದ ಕೇಳಿದ್ದು ನಾನೇ ಎಂಬುದು ಆಗ ಹೊಳೆಯಿತು. ಆದರೂ, ಬಾರದ ಅಡುಗೆಯನ್ನು ಒಪ್ಪಿಕೊಂಡು ಹಣ ಪಡೆದವರ ಜವಾಬ್ದಾರಿ ಅದರಿಂದ ಕಡಿಮೆಯಾಗುವುದಿಲ್ಲ.

ಇಳಿಯುವ ಮೊದಲಿನ ಎರಡನೆಯ ಊಟದಲ್ಲಿ ಅದೇ ಕಡಲೆಕಾಳು ರೊಟ್ಟಿಯಂಥ ಏನೋ ಒಂದರೊಳಗೆ ಸುತ್ತಿಕೊಂಡು ಬಂತು. ಮನೆಯವರು ಕೈಚೀಲದಿಂದ ಖಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಪೊಟ್ಟಣ ತೆಗೆದರು, ನಾನು ಮೊಸರು ಕೇಳಿದೆ, ಸಿಬ್ಬಂದಿ ಎರಡು ಬಟ್ಟಲು ತಂದರು. ಪರೋಟ ಸೋತ ಜಾಗದಲ್ಲಿ ಖಡಕ್ ರೊಟ್ಟಿ ಏಕೆ ಸೋಲುವುದಿಲ್ಲ ಎಂಬುದು ಆಲೋಚಿಸಬೇಕಾದ ವಿಷಯ. ಅದರಲ್ಲಿ ನೀರೇ ಉಳಿದಿರುವುದಿಲ್ಲ, ಆದ್ದರಿಂದ ಹಳಸುವುದಕ್ಕೂ ಅಂಟಂಟಾಗುವುದಕ್ಕೂ ಅಲ್ಲಿ ಅವಕಾಶವಿಲ್ಲ. ವಾರಗಟ್ಟಲೆ ಇಟ್ಟರೂ ಕೆಡದಂತೆ ಅದನ್ನು ಹೆಂಚಿನ ಮೇಲೆ ಒಣಗಿಸಿಯೇ ಇಟ್ಟಿರುತ್ತಾರೆ. ಕ್ಯಾಬಿನ್ನಿನ ಒಣಗಾಳಿ ಅದಕ್ಕೆ ಶತ್ರುವಲ್ಲ, ಬಂಧು. ಹಿಂಡಿಯಲ್ಲಿದ್ದ ಬೆಳ್ಳುಳ್ಳಿ, ಖಾರ, ಹುರಿದ ಶೇಂಗಾದ ವಾಸನೆ ಆ ಎತ್ತರದಲ್ಲೂ ಎಳ್ಳಷ್ಟೂ ಕುಗ್ಗಲಿಲ್ಲ. ಒಯ್ಯುವವರು ಒಂದು ವಿಷಯ ಗಮನದಲ್ಲಿಡಬೇಕು: ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಕೈಚೀಲದೊಳಗಿನ ಪುಡಿ 350 ಮಿಲಿಲೀಟರಿಗಿಂತ ಹೆಚ್ಚಿದ್ದರೆ ವಿಶೇಷ ತಪಾಸಣೆಗೆ ಒಳಗಾಗುತ್ತದೆ, ಆದ್ದರಿಂದ ಹಿಂಡಿಯನ್ನು ಸಣ್ಣ ಪೊಟ್ಟಣದಲ್ಲಿಯೇ ಇಟ್ಟುಕೊಳ್ಳುವುದು ಕ್ಷೇಮ.

ವಿಶೇಷ ಊಟ ಕೇಳಲು ಬಳಸುವ ಸಂಕೇತಗಳ ಬಗ್ಗೆ ನಮ್ಮವರಲ್ಲಿ ಬಹಳ ಗೊಂದಲವಿದೆ. ಎ.ವಿ.ಎಂ.ಎಲ್. ಎಂಬುದು ನಾನು ಕೇಳಿದ್ದ ಏಷ್ಯಾದ ಶಾಕಾಹಾರಿ ಊಟ, ಅಂದರೆ ಮಸಾಲೆ ಹಾಕಿದ ಭಾರತೀಯ ಬಗೆಯ ಶಾಕಾಹಾರ. ಅದರಲ್ಲಿ ಹಾಲು, ಮೊಸರು ಇರುತ್ತದೆ. ವಿ.ಜೆ.ಎಂ.ಎಲ್. ಜೈನರ ಊಟ, ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆಗಳು ಇರುವುದಿಲ್ಲ. ವಿ.ಜಿ.ಎಂ.ಎಲ್. ಕೇಳಿದರೆ ಹಾಲಿನ ಪದಾರ್ಥವೇ ಇಲ್ಲದ ಊಟ ಬರುತ್ತದೆ, ಮೊಸರಿಗೆ ಕಾಯುತ್ತ ಕೂತರೆ ಬರುವುದಿಲ್ಲ. ವಿ.ಎಲ್.ಎಂ.ಎಲ್. ಎಂಬುದರಲ್ಲಿ ಮೊಟ್ಟೆ ಇರಬಹುದು. ಮೊಟ್ಟೆ ತಿನ್ನದವರು ಅದನ್ನು ಆಯ್ದುಕೊಳ್ಳಬಾರದು. ಹೆಚ್.ಎನ್.ಎಂ.ಎಲ್. ಎಂಬುದನ್ನು "ಹಿಂದೂ ಊಟ" ಎಂದು ಓದಿ ಶಾಕಾಹಾರವೆಂದು ತಿಳಿದು ಕೇಳುವವರಿದ್ದಾರೆ, ಅದು ದನದ ಮಾಂಸ ಇಲ್ಲದ ಮಾಂಸಾಹಾರ. ಸಾಮಾನ್ಯವಾಗಿ ಹೊರಡುವ 24 ಗಂಟೆ ಮೊದಲಾದರೂ ತಿಳಿಸಬೇಕಾಗುತ್ತದೆ. ಮೆನುವಿನ ಮುಖ್ಯ ಪದಾರ್ಥವನ್ನೇ ಮುಂಚಿತವಾಗಿ ಆಯ್ದುಕೊಳ್ಳುವ ಅವಕಾಶವನ್ನು ಕೆಲವು ಸಂಸ್ಥೆಗಳು ಕೊಡುತ್ತವೆ. ಸಿಂಗಾಪುರ ಏರ್‌ಲೈನ್ಸಿನ "ಬುಕ್ ದ ಕುಕ್" ಅಂಥದ್ದು. ಅದು ಇದ್ದಲ್ಲಿ ಸಂಕೇತಗಳ ಗೋಜಿಗೆ ಹೋಗದೆ ಅದನ್ನೇ ಬಳಸುವುದು ಒಳ್ಳೆಯದು.

ಮರಳುವಾಗ ಗಲ್ಫಿನ ನಗರವೊಂದರಲ್ಲಿ ಮಸಾಲೆ ವ್ಯಾಪಾರಿಗಳ ಭೇಟಿಯಿದ್ದುದರಿಂದ ಬೇರೆ ಸಂಸ್ಥೆಯಲ್ಲಿ ಬಂದೆವು. ಸುಮಾರು ಹದಿಮೂರು ಗಂಟೆಗಳ ಆ ಪ್ರಯಾಣದಲ್ಲಿ, ಹಸಿವಾದಾಗ ಕೇಳಿದರೆ ಆಗ ಬಡಿಸುವ ಪದ್ಧತಿ ಇತ್ತು. ಕೇಳಿಸಿಕೊಳ್ಳಲು ಸಣ್ಣದಾದರೂ ಇದು ಊಟದ ಗುಣವನ್ನೇ ಬದಲಿಸುವ ಸಂಗತಿ. ಎಲ್ಲರಿಗೂ ಒಂದೇ ಹೊತ್ತಿಗೆ ಬಡಿಸುವಾಗ ಓವನ್ನಿನಲ್ಲಿ ಬಿಸಿಯಾದ ಬಟ್ಟಲು ತನ್ನ ಸರದಿ ಬರುವವರೆಗೆ ಒಣಗುತ್ತ ಕಾಯಬೇಕಾಗುತ್ತದೆ. ಒಬ್ಬರಿಗಾಗಿ ಬಿಸಿ ಮಾಡಿದ್ದು ನೇರವಾಗಿ ಅವರ ಮೇಜಿಗೇ ಬರುತ್ತದೆ. ಈ ಸಲ ವಿಶೇಷ ಊಟ ಕೇಳಿರಲಿಲ್ಲ, ಸಾಮಾನ್ಯ ಮೆನುವಿನಲ್ಲೇ ಶಾಕಾಹಾರದ ಆಯ್ಕೆಗಳಿದ್ದವು. ಮೊದಲು ಅರಬ್ ಬಗೆಯ ಮೆಝೆ ಬಂತು: ಕಡಲೆಕಾಳು ಮತ್ತು ಎಳ್ಳಿನ ಹುಮ್ಮುಸ್, ಸುಟ್ಟ ಬದನೆಕಾಯಿಯ ಮುತಬ್ಬಲ್, ಕೆಂಪು ಮೆಣಸಿನಕಾಯಿ ಮತ್ತು ಅಕ್ರೋಟ್ ಅರೆದ ಮುಹಮ್ಮರಾ, ಜೊತೆಗೆ ಬಿಸಿ ಮಾಡಿದ ತೆಳು ರೊಟ್ಟಿ. ಇಡೀ ಪ್ರಯಾಣದ ಅತ್ಯುತ್ತಮ ತಟ್ಟೆ ಅದೇ ಎಂದು ಹಿಂಜರಿಯದೆ ಹೇಳುತ್ತೇನೆ. ಈ ಪದಾರ್ಥಗಳು ತಣ್ಣಗೆ ತಿನ್ನುವುದಕ್ಕೆಂದೇ ಮಾಡಿದವು. ತಣಿಸಿ ಮತ್ತೆ ಬಿಸಿ ಮಾಡುವ ಶಿಕ್ಷೆ ಅವಕ್ಕಿಲ್ಲ. ನಿಂಬೆಹುಳಿ, ಬೆಳ್ಳುಳ್ಳಿ, ಎಳ್ಳು ಎಂಬ ಮೂರೂ ಆಕಾಶದಲ್ಲಿ ಉಳಿಯುವ ರುಚಿಗಳು. ಮುಹಮ್ಮರಾದಲ್ಲಿನ ಕೆಂಪು ಬಣ್ಣ ಮತ್ತು ಹದವಾದ ಖಾರ ಕಂಡು ನನಗೆ ಬ್ಯಾಡಗಿಯಲ್ಲೇ ಡಬ್ಬಿ ಎಂಬ ಬಗೆಯ ನಮ್ಮ ಕಾಯಿಯ ನೆನಪಾಯಿತು. ಮುಹಮ್ಮರಾವನ್ನು ಬ್ಯಾಡಗಿ ಕಾಯಿಯಿಂದ ಮಾಡಿದರೆ ಹೇಗಿರಬಹುದೆಂದು ಊರಿಗೆ ಬಂದು ಮಾಡಿಯೂ ನೋಡಿದೆವು. ಬಣ್ಣ ಅವರದಕ್ಕಿಂತ ಚೆನ್ನಾಗಿ ಬಂತು, ಅಕ್ರೋಟಿನ ಬದಲು ಶೇಂಗಾ ಹಾಕಿದ್ದು ಮಾತ್ರ ಸರಿಹೋಗಲಿಲ್ಲ.

ಮುಖ್ಯ ಊಟದ ಪನೀರ್ ಸಾಧಾರಣವಾಗಿತ್ತು; ಬಿಸಿ ಮಾಡಿದಾಗ ರಬ್ಬರಿನಂತಾಗುವ ಅದರ ಗುಣ ಎಲ್ಲೂ ಬದಲಾಗುವುದಿಲ್ಲ. ಹಾಲು, ಪದರದ ಹಿಟ್ಟು, ಒಣಹಣ್ಣು ಸೇರಿಸಿ ಬಿಸಿಯಾಗಿ ಕೊಡುವ ಉಮ್ಮ್ ಅಲಿ ಎಂಬ ಸಿಹಿ ಚೆನ್ನಾಗಿತ್ತು. ಅಲ್ಲಿಂದ ಬೆಂಗಳೂರಿನವರೆಗಿನ ನಾಲ್ಕು ಗಂಟೆಗಳ ವಿಮಾನದಲ್ಲಿ ನಾವು ಊಟವನ್ನೇ ಮಾಡದೆ ಮಲಗಿದೆವು.

ಚಹಾದ ಬಗ್ಗೆ ಯಾವ ವಿಮಾನಕ್ಕೂ ಒಳ್ಳೆಯ ಮಾತು ಹೇಳಲಾರೆ. 8,000 ಅಡಿಯ ಒತ್ತಡದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಎಲೆಯ ಸತ್ವ ಪೂರ್ತಿ ಇಳಿಯುವುದಿಲ್ಲ. ಎಂಥ ಬೆಲೆಬಾಳುವ ಚಹಾಪುಡಿ ತಂದರೂ ಇದಕ್ಕೆ ಪರಿಹಾರವಿಲ್ಲ, ಆದ್ದರಿಂದ ಇದನ್ನು ಯಾವ ಸಂಸ್ಥೆಯ ದೋಷವೆಂದೂ ಎಣಿಸುವುದಿಲ್ಲ. ಸಿಹಿಯ ವಿಷಯದಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿದೆವು. ಶಿಕಾಗೊದ ವ್ಯಾಪಾರಿಗಳಿಗೆಂದು ಒಯ್ದಿದ್ದ ಧಾರವಾಡ ಪೇಢೆಯ ಒಂದು ಪೆಟ್ಟಿಗೆಯನ್ನು ದಾರಿಯಲ್ಲೇ ಬಿಚ್ಚಿ ತಿಂದಾಗ ಸಕ್ಕರೆಯ ಸಿಹಿ ನಿಜವಾಗಿಯೂ ಇಳಿದಂತೆ ತೋರಿತು, ಆದರೆ ಕೆಂಪಗೆ ಹುರಿದ ಖೋವೆಯ ರುಚಿ ಅದರ ಜಾಗದಲ್ಲಿ ಮುಂದೆ ಬಂತು. ಮನೆಯವರಂತೂ ನೆಲಕ್ಕಿಂತ ಅಲ್ಲಿಯೇ ಪೇಢೆ ಚೆನ್ನಾಗಿದೆ ಎಂದು ತೀರ್ಮಾನಿಸಿದರು. ಬಿಸಿನೆಸ್ ಕ್ಲಾಸಿನಲ್ಲಿ ಕೊಟ್ಟ ಕೆನೆಯ ಪುಡಿಂಗಿಗೆ ಈ ಭಾಗ್ಯವಿರಲಿಲ್ಲ. ಅದರಲ್ಲಿ ಸಿಹಿಯೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ, ಸಿಹಿ ಕುಗ್ಗಿದ ಮೇಲೆ ಏನೂ ಉಳಿಯಲಿಲ್ಲ.

ಊರಿಗೆ ಬಂದ ವಾರದಲ್ಲಿ ಮೊದಲ ಸಂಸ್ಥೆಗೆ ಒಂದು ಪತ್ರ ಬರೆದೆ. ಬೆಂಗಳೂರಿನ ಅಡುಗೆಮನೆಯ ಬಿಸಿಬೇಳೆ ಭಾತನ್ನು ಮನಸಾರೆ ಹೊಗಳಿದೆ. ಯುರೋಪಿನಿಂದ ಹೊರಡುವ ವಿಶೇಷ ಊಟವನ್ನು ಎಕಾನಮಿಯ ಡಬ್ಬಿಯಲ್ಲಿ ಕೊಡುವುದು ಈ ದರ್ಜೆಗೆ ತಕ್ಕದ್ದಲ್ಲವೆಂದು, ಶಾಕಾಹಾರಿಗಳಿಗೂ ಚೀಸ್, ಸಿಹಿ, ಸೂಪು ಎಲ್ಲವನ್ನೂ ಕ್ರಮವಾಗಿ ಬಡಿಸಬೇಕೆಂದು ಬರೆದೆ. ಪರೋಟದ ಬದಲು ಖಡಕ್ ರೊಟ್ಟಿಯನ್ನೂ ಬದನೆಕಾಯಿ ಎಣ್ಣೆಗಾಯಿಯನ್ನೂ ಬೆಂಗಳೂರಿನಿಂದ ಹೊರಡುವ ಮೆನುವಿನಲ್ಲಿ ಒಮ್ಮೆ ಪ್ರಯತ್ನಿಸಿ ನೋಡಿರೆಂದು, ಎರಡೂ ಅವರ ತಣಿಸಿ ಬಿಸಿ ಮಾಡುವ ಕ್ರಮಕ್ಕೆ ಹೇಳಿ ಮಾಡಿಸಿದಂತಿವೆಯೆಂದು ಕಾರಣಸಹಿತ ಕೇಳಿಕೊಂಡೆ. ದೂರು ತಲುಪಿದೆ ಎಂಬ ಎರಡು ಸಾಲಿನ ಉತ್ತರ ಬಂದಿದೆ. ಮುಂದಿನ ಪ್ರಯಾಣವೂ ಅದೇ ದಾರಿಯಲ್ಲಿ ನಿಗದಿಯಾಗಿದ್ದು, ಬೆಂಗಳೂರಿನಿಂದ ಹೊರಡುವ ಭಾಗಕ್ಕೆ ಎ.ವಿ.ಎಂ.ಎಲ್. ಊಟವನ್ನು ಹಾಗೆಯೇ ಇಟ್ಟು, ಯುರೋಪಿನಿಂದ ಹೊರಡುವ ಭಾಗಕ್ಕೆ ಅದನ್ನು ರದ್ದುಪಡಿಸಿದ್ದೇನೆ. ಅಲ್ಲಿ ಸಾಮಾನ್ಯ ಮೆನುವಿನ ಪಾಸ್ತಾದಲ್ಲಿ ಮೊಟ್ಟೆ ಇದೆಯೇ ಎಂದು ವಿಚಾರಿಸಿ, ಇಲ್ಲವೆಂದರೆ ಅದನ್ನೇ ಉಣ್ಣುವವನಿದ್ದೇನೆ.